ಬೆನ್ನಿಗೆ ಸೂಜಿಯಾ, ಫುಲ್ ಅನಸ್ತೇಷಿಯಾನಾ? ಅರಿವಳಿಕೆ ಔಷಧಗಳನ್ನು ತೂಗಿ ನೋಡೋಣ

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಮನೆಯವರು ನನಗೆ ಒಂದೇ ಪ್ರಶ್ನೆ ಕೇಳಿದರು. ತಿಪಟೂರಿನ ಒಬ್ಬರ ಅಪ್ಪನಿಗೆ ಹರ್ನಿಯಾ. ವಯಸ್ಸು 68, 40 ವರ್ಷದ ಬೀಡಿ, ಬೆಳಗಾದರೆ ಕೆಮ್ಮು. ಚಿಂತಾಮಣಿಯ ಹೆಣ್ಣುಮಗಳೊಬ್ಬಳಿಗೆ ಎರಡನೇ ಸಿಸೇರಿಯನ್. ಪಾವಗಡದ ಒಬ್ಬ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ತೊಡೆಮೂಳೆ ಮುರಿದುಕೊಂಡಿದ್ದರು. ಮೂವರ ಮನೆಯವರೂ ಕೇಳಿದ್ದು ಇದೇ: "ಮೇಡಂ, ಬೆನ್ನಿಗೆ ಹಾಕಿಸೋದಾ, ಫುಲ್ ಅನಸ್ತೇಷಿಯಾ ಕೊಡಿಸೋದಾ? ಯಾವ ಔಷಧ ಒಳ್ಳೇದು?"

ನಾನು ಅರಿವಳಿಕೆ ಡಾಕ್ಟರ್. ತುಮಕೂರಿನಲ್ಲಿ ಮನೆ. ಸುತ್ತಲಿನ ನರ್ಸಿಂಗ್ ಹೋಂಗಳಿಗೆ ಹೋಗಿ ಬರುತ್ತೇನೆ. ಸರ್ಜನ್ ಯಾರು ಅಂತ ಊರಿಗೆಲ್ಲ ಗೊತ್ತಿರುತ್ತದೆ. ಅರಿವಳಿಕೆ ಕೊಡುವವರ ಮುಖ ಕಾಣುವುದು ಹೆಚ್ಚಿನವರಿಗೆ ಆಪರೇಷನ್ ಟೇಬಲ್ ಮೇಲೆ ಮಲಗಿದ ಮೇಲೆಯೇ. ಆ ಹೊತ್ತಿನಲ್ಲಿ ಯಾರಿಗೂ ಪ್ರಶ್ನೆ ಕೇಳುವ ಧೈರ್ಯ ಇರುವುದಿಲ್ಲ. ಅದಕ್ಕೇ ಮನೆಯಲ್ಲಿ ಕೂತು ನಿಧಾನವಾಗಿ ಓದಿಕೊಳ್ಳಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಯಾವುದನ್ನು ನೋಡಿ ತೂಗಬೇಕು

ಮೊದಲು ನೋಡಬೇಕಾದ್ದು ಆಪರೇಷನ್ ದೇಹದ ಯಾವ ಭಾಗಕ್ಕೆ ಅನ್ನುವುದು. ಹೊಕ್ಕುಳಿಂದ ಕೆಳಗೆ ಆದರೆ ಬೆನ್ನಿನ ಸೂಜಿ ಸಾಕಾಗಬಹುದು. ಕೈಗಾದರೆ ಕೈಯ ನರಗಳನ್ನು ಮಾತ್ರ ಮರಗಟ್ಟಿಸಬಹುದು. ಕಣ್ಣಿನ ಪೊರೆಗೆ ಬರೀ ಹನಿ, ಇಲ್ಲವೇ ಕಣ್ಣಿನ ಪಕ್ಕ ಒಂದು ಸಣ್ಣ ಇಂಜೆಕ್ಷನ್. ತಲೆ, ಎದೆ, ಹೊಟ್ಟೆಯ ಮೇಲ್ಭಾಗಕ್ಕೆ ಸಾಮಾನ್ಯವಾಗಿ ಫುಲ್ ಅನಸ್ತೇಷಿಯಾನೇ. ಹೊಟ್ಟೆಗೆ ಗ್ಯಾಸ್ ತುಂಬಿ ಲ್ಯಾಪ್ರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆಯುವುದೂ ಹಾಗೇ. ಅಂಥ ಕಡೆ ಆಯ್ಕೆಯೇ ಇಲ್ಲ ಅಂತ ಗೊತ್ತಾದರೆ ಅರ್ಧ ಚಿಂತೆ ಕಳೆಯಿತು, ಅಲ್ವಾ?

ಎರಡನೆಯದು ನಿಮ್ಮ ದೇಹ. ಹೃದಯ, ಶ್ವಾಸಕೋಶ, ಕಿಡ್ನಿ, ಬೆನ್ನುಮೂಳೆ, ದಿನಾ ನುಂಗುವ ಮಾತ್ರೆಗಳು. ಮೂರನೆಯದು ಆಪರೇಷನ್ ಆದ ಮೇಲಿನ ದಿನ. ನೋವು ಎಷ್ಟು ಹೊತ್ತು ತಡೆಯುತ್ತದೆ, ವಾಂತಿ ಬರುತ್ತಾ, ಮೂತ್ರ ಸರಾಗವಾಗಿ ಹೋಗುತ್ತಾ, ಮನೆಗೆ ಯಾವಾಗ ಹೋಗಬಹುದು. ನಾಲ್ಕನೆಯದು ಆ ಆಸ್ಪತ್ರೆಯಲ್ಲಿ ಏನಿದೆ, ದುಡ್ಡು ಎಷ್ಟು ಅನ್ನುವುದು. ಕೊನೆಯದು ನಿಮ್ಮ ಮನಸ್ಸು. ಎಚ್ಚರವಾಗಿದ್ದು ಪಾತ್ರೆಗಳ ಸದ್ದು, ಡಾಕ್ಟರ್‌ಗಳ ಮಾತು ಕೇಳಿಸಿಕೊಂಡು ಮಲಗಿರಲು ಕೆಲವರಿಗೆ ಆಗುವುದೇ ಇಲ್ಲ. ಅದು ಹೇಡಿತನ ಅಲ್ಲ. ಬಾಯಿಬಿಟ್ಟು ಹೇಳಿದರೆ ನಾವು ಅದಕ್ಕೂ ದಾರಿ ಹುಡುಕುತ್ತೇವೆ.

ಬೆನ್ನಿನ ಸೂಜಿ

ಸ್ಪೈನಲ್‌ಗೆ ನಮ್ಮ ಕಡೆ ಬಳಸುವುದು ಹೆಚ್ಚಾಗಿ ಬುಪಿವಕೇನ್. ಅದರಲ್ಲೂ ಡೆಕ್ಸ್‌ಟ್ರೋಸ್ ಸೇರಿಸಿ ಭಾರ ಮಾಡಿದ್ದು. ಅದಕ್ಕೇ ಥಿಯೇಟರ್‌ನಲ್ಲಿ "ಹೆವಿ" ಅಂತ ಕರೆಯುತ್ತೇವೆ. ಭಾರ ಇರುವುದರಿಂದ ಅದು ಬೆನ್ನುಹುರಿಯ ಸುತ್ತಲಿನ ನೀರಿನಲ್ಲಿ ತಗ್ಗಿನ ಕಡೆ ಇಳಿಯುತ್ತದೆ. ಟೇಬಲ್ ಓರೆ ಮಾಡಿ ಎಷ್ಟು ಎತ್ತರಕ್ಕೆ ಜೋಮು ಹಿಡಿಯಬೇಕು ಅನ್ನುವುದನ್ನು ನಾವು ಹತೋಟಿಗೆ ತರಬಹುದು. ಬೇಕಾಗುವುದು 2ರಿಂದ 3 ಮಿಲೀ ಅಷ್ಟೇ. ಐದು ಹತ್ತು ನಿಮಿಷದಲ್ಲಿ ಕಾಲು ಬೆಚ್ಚಗಾಗಿ ಭಾರವಾಗುತ್ತದೆ. ಎರಡರಿಂದ ಮೂರು ಗಂಟೆ ಕೆಲಸ ಮಾಡುತ್ತದೆ. ಜೊತೆಗೆ ಸ್ವಲ್ಪ ಫೆಂಟನಿಲ್ ಸೇರಿಸಿದರೆ ನೋವು ಇನ್ನೂ ಚೆನ್ನಾಗಿ ತಡೆಯುತ್ತದೆ. ಆಗ ಕೆಲವರಿಗೆ ಮೈ ಕೆರೆತ ಬರುತ್ತದೆ. ಅದು ಅಲರ್ಜಿ ಅಲ್ಲ, ಗಾಬರಿ ಬೇಡ.

ಇದರ ಗುಣ ದೊಡ್ಡದು. ಉಸಿರಾಟಕ್ಕೆ ಕೈ ಹಾಕುವುದಿಲ್ಲ, ಗಂಟಲಿಗೆ ಟ್ಯೂಬ್ ಇಲ್ಲ, ಔಷಧ ಕಮ್ಮಿ, ಖರ್ಚೂ ಕಮ್ಮಿ. ಸಿಸೇರಿಯನ್‌ನಲ್ಲಿ ಮಗುವಿಗೆ ಔಷಧ ಹೋಗುವುದು ಬಹಳ ಕಮ್ಮಿ. ಅಮ್ಮ ಮೊದಲ ಅಳು ಕೇಳಿಸಿಕೊಳ್ಳುತ್ತಾಳೆ.

ಕಷ್ಟಗಳೂ ಇವೆ. ಕೊಟ್ಟ ಕೂಡಲೇ ಬಿಪಿ ಇಳಿಯಬಹುದು. ಹೊಟ್ಟೆ ತೊಳಸಿದ ಹಾಗಾಗುತ್ತದೆ, ತಲೆ ಸುತ್ತುತ್ತದೆ. ಆಗ ಕೂಡಲೇ ಹೇಳಿ. ಮೆಫೆಂಟರ್ಮಿನ್, ಫಿನೈಲೆಫ್ರಿನ್ ಅಂತ ಬಿಪಿ ಏರಿಸುವ ಔಷಧ ಕೈಯಲ್ಲೇ ಇಟ್ಟುಕೊಂಡಿರುತ್ತೇವೆ. ನಡುಕ ಬರಬಹುದು. ವಯಸ್ಸಾದ ಗಂಡಸರಿಗೆ, ಅದರಲ್ಲೂ ಪ್ರಾಸ್ಟೇಟ್ ದೊಡ್ಡದಾಗಿದ್ದರೆ, ಮೂತ್ರ ಕಟ್ಟಬಹುದು.

ತಲೆನೋವಿನ ಬಗ್ಗೆ ಬಿಡಿಸಿ ಹೇಳಬೇಕು. ನನ್ನ ಮೊದಲ ಹೆರಿಗೆಯಲ್ಲಿ ನನಗೇ ಬಂದಿತ್ತು. ಎದ್ದು ಕೂತರೆ ತಲೆ ಸಿಡಿಯುವುದು, ಮಲಗಿದರೆ ಆರಾಮ. ಮಗುವಿಗೆ ಹಾಲು ಕೊಡಲು ಕೂರಲಾಗದೆ ಎರಡು ದಿನ ಅತ್ತಿದ್ದೇನೆ. ಸೂಜಿ ಮಾಡಿದ ತೂತಿನಿಂದ ಬೆನ್ನಿನ ನೀರು ಸೋರುವುದೇ ಕಾರಣ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಕೊಕೇನ್ ಇಟ್ಟು ಸ್ಪೈನಲ್ ಶುರುಮಾಡಿದಾಗ, ತನ್ನ ಬೆನ್ನಿಗೇ ಚುಚ್ಚಿಸಿಕೊಂಡು ಇದೇ ತಲೆನೋವು ಅನುಭವಿಸಿದ. ಈಗ 25, 27 ನಂಬರ್‌ನ ಸಣ್ಣ ಸೂಜಿಗಳಿವೆ. ಪೆನ್ಸಿಲ್ ಮೊನೆಯಂಥ ಸೂಜಿ ನಾರುಗಳನ್ನು ಕತ್ತರಿಸದೆ ಸರಿಸಿಕೊಂಡು ಹೋಗುತ್ತದೆ. ಅದರಲ್ಲಿ ತಲೆನೋವು ಬರುವುದು ನೂರರಲ್ಲಿ ಒಬ್ಬಿಬ್ಬರಿಗೆ. ಬೆಲೆ ಸ್ವಲ್ಪ ಜಾಸ್ತಿ. ಹರೆಯದ ಹೆಣ್ಣುಮಕ್ಕಳಿಗೆ, ಬಸುರಿಯರಿಗೆ ಆ ಸೂಜಿಯನ್ನೇ ಕೇಳಿ ಹಾಕಿಸಿಕೊಳ್ಳಿ ಅಂತ ನಾನು ಖಂಡಿತ ಹೇಳುತ್ತೇನೆ. ದುಡ್ಡು ಹಾಕಿದ್ದಕ್ಕೆ ಫಲ ಕಾಣುವ ಜಾಗ ಅದು. ತಲೆನೋವು ಬಂದೇಬಿಟ್ಟರೆ ನೀರು, ಕಾಫಿ, ಪ್ಯಾರಾಸಿಟಮಾಲ್. ಅದಕ್ಕೂ ಬಗ್ಗದಿದ್ದರೆ ನಿಮ್ಮದೇ ರಕ್ತ ಸ್ವಲ್ಪ ತೆಗೆದು ಬೆನ್ನಿಗೆ ಹಾಕಿ ತೂತು ಮುಚ್ಚುವ ದಾರಿ ಇದೆ.

"ಬೆನ್ನಿಗೆ ಹಾಕಿಸಿಕೊಂಡರೆ ಜೀವನಪೂರ್ತಿ ಬೆನ್ನುನೋವು" ಅನ್ನುವ ಮಾತು ನಮ್ಮ ಹಳ್ಳಿಗಳಲ್ಲಿ ಬೇರುಬಿಟ್ಟಿದೆ. ಸೂಜಿ ಹೋದ ಜಾಗ ನಾಲ್ಕು ದಿನ ನೋಯುವುದು ನಿಜ. ವರ್ಷಗಟ್ಟಲೆ ನೋವು ಅದರಿಂದ ಬರುವುದಿಲ್ಲ. ಸೂಜಿಯೇ ಇಲ್ಲದೆ ಹೆತ್ತವರಲ್ಲೂ ಬೆನ್ನುನೋವು ಹಾಗೇ ಇರುತ್ತದೆ. ಬಸುರಿನಲ್ಲಿ ಸೊಂಟದ ಮೇಲೆ ಬಿದ್ದ ಭಾರ, ಮಗು ಎತ್ತಿ ಬಗ್ಗಿ ಮಾಡುವ ಕೆಲಸ, ಇವೇ ಕಾರಣ.

ಯಾರಿಗೆ ಬೆನ್ನಿನ ಸೂಜಿ ಬೇಡ? ರಕ್ತ ಹೆಪ್ಪುಗಟ್ಟದವರಿಗೆ, ಚುಚ್ಚುವ ಜಾಗದಲ್ಲಿ ಹುಣ್ಣು ಕೀವು ಇರುವವರಿಗೆ, ಹೃದಯದ ಕವಾಟ ತುಂಬಾ ಕಿರಿದಾದವರಿಗೆ. ಸ್ಟೆಂಟ್ ಹಾಕಿಸಿಕೊಂಡು ಕ್ಲೊಪಿಡೊಗ್ರೆಲ್ ನುಂಗುವವರಿಗೆ ಅದನ್ನು ನಿಲ್ಲಿಸಿ ಸುಮಾರು ಒಂದು ವಾರ ಕಾಯಬೇಕು. ನಿಲ್ಲಿಸಬಹುದಾ ಅನ್ನುವುದನ್ನು ಹೃದಯದ ಡಾಕ್ಟರ್ ಹೇಳಬೇಕು. ನೀವೇ ಸುಮ್ನೆ ಬಿಡಬೇಡಿ.

ನಮ್ಮ ಸೀಮೆಗೇ ಸೇರಿದ ಇನ್ನೊಂದು ಮಾತಿದೆ. ಪಾವಗಡ, ಬಾಗೇಪಲ್ಲಿ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹತ್ತಾರು ವರ್ಷ ಕುಡಿದವರ ಬೆನ್ನುಮೂಳೆಯ ನಡುವಿನ ನಾರುಗಳು ಗಟ್ಟಿಯಾಗಿ ಮೂಳೆಯಂತಾಗುತ್ತವೆ. ಬೆನ್ನು ಬಗ್ಗುವುದಿಲ್ಲ. ಸೂಜಿಗೆ ದಾರಿಯೇ ಸಿಗುವುದಿಲ್ಲ. ಹಲ್ಲು ಕಂದಿದ, ಕತ್ತು ತಿರುಗದ, ಬೆನ್ನು ಬಿರುಸಾದ ಹಿರಿಯರು ಮನೆಯಲ್ಲಿದ್ದರೆ ಮುಂಚೆಯೇ ಹೇಳಿ. ಕತ್ತು ಬಿರುಸಾಗಿದ್ದರೆ ಗಂಟಲಿಗೆ ಟ್ಯೂಬ್ ಹಾಕುವುದೂ ಕಷ್ಟ. ಎರಡಕ್ಕೂ ಸಿದ್ಧವಾಗಿ ಬರಬೇಕು.

ನರದ ಬ್ಲಾಕ್, ಆ ಜಾಗಕ್ಕಷ್ಟೇ ಇಂಜೆಕ್ಷನ್

ಮುಂಗೈ ಮೂಳೆ ಮುರಿದಾಗ, ಡಯಾಲಿಸಿಸ್‌ಗೆ ಕೈಯಲ್ಲಿ ಫಿಸ್ಟುಲಾ (ಎರಡು ರಕ್ತನಾಳಗಳ ಜೋಡಣೆ) ಮಾಡುವಾಗ, ಶುಗರ್‌ನಿಂದ ಕಾಲಿನ ಬೆರಳು ಕೊಳೆತಾಗ ನನ್ನ ಮೊದಲ ಒಲವು ಇದರ ಕಡೆಗೇ. ಅಲ್ಟ್ರಾಸೌಂಡ್‌ನಲ್ಲಿ ನರ ನೋಡಿಕೊಂಡು ಸುತ್ತ ಔಷಧ ಬಿಡುತ್ತೇವೆ. ಲಿಗ್ನೋಕೇನ್ ಬೇಗ ಹಿಡಿಯುತ್ತದೆ, ಬೇಗ ಬಿಡುತ್ತದೆ. ಬುಪಿವಕೇನ್, ರೋಪಿವಕೇನ್ ನಿಧಾನವಾಗಿ ಹಿಡಿದು ಎಂಟು ಹತ್ತು ಗಂಟೆ ನೋವು ತಡೆಯುತ್ತವೆ. ರೋಪಿವಕೇನ್ ಹೃದಯಕ್ಕೆ ಸ್ವಲ್ಪ ಮೆತ್ತಗೆ. ಬೆಲೆ ಜಾಸ್ತಿ. ಈ ಮೂರರಲ್ಲೂ ಅಪಾಯ ಇರುವುದು ಪ್ರಮಾಣ ಮೀರಿದಾಗ, ಇಲ್ಲವೇ ತಪ್ಪಿ ರಕ್ತನಾಳಕ್ಕೆ ಹೋದಾಗ. ಆಗ ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು. ಅದಕ್ಕೆ ಲಿಪಿಡ್ ಎಮಲ್ಷನ್ ಅಂತ ಔಷಧ ಇದೆ. ಬ್ಲಾಕ್ ಮಾಡುವ ಕಡೆ ಅದು ಇರಲೇಬೇಕು.

ಹರ್ನಿಯಾವನ್ನು ತೆರೆದು ಮಾಡುವುದಾದರೆ ಆ ಜಾಗಕ್ಕಷ್ಟೇ ಲಿಗ್ನೋಕೇನ್, ಬುಪಿವಕೇನ್ ಕೊಟ್ಟು ಮಾಡಬಹುದು. ಜೊತೆಗೆ ಸ್ವಲ್ಪ ಮಂಪರಿಗೆ ಮಿಡಾಜೊಲಾಮ್, ಫೆಂಟನಿಲ್. ಮಿಡಾಜೊಲಾಮ್ ಭಯ ಕಳೆಯುತ್ತದೆ, ನಡೆದದ್ದು ನೆನಪೂ ಇರುವುದಿಲ್ಲ. ಆದರೆ ಎರಡೂ ಸೇರಿದರೆ ಉಸಿರು ಕಮ್ಮಿಯಾಗುತ್ತದೆ. "ಬರೀ ಮಂಪರು ತಾನೇ" ಅಂತ ಯಾರೂ ನೋಡಿಕೊಳ್ಳದೆ ಬಿಡಬಾರದು. ಡೆಕ್ಸ್‌ಮೆಡಿಟೊಮಿಡಿನ್ ಅನ್ನುವುದು ಉಸಿರಿಗೆ ಅಷ್ಟು ತೊಂದರೆ ಕೊಡದೆ, ಕರೆದರೆ ಎದ್ದೇಳುವಂಥ ನಿದ್ದೆ ಕೊಡುತ್ತದೆ. ನಾಡಿ ಮಾತ್ರ ನಿಧಾನವಾಗುತ್ತದೆ.

ಫುಲ್ ಅನಸ್ತೇಷಿಯಾ ಅಂದರೆ ಒಂದೇ ಔಷಧ ಅಲ್ಲ

ನಿದ್ದೆಗೆ ಒಂದು, ನೋವಿಗೆ ಒಂದು, ಮಾಂಸಖಂಡ ಸಡಿಲಿಸಲು ಒಂದು, ನಿದ್ದೆ ಮುಂದುವರಿಸಲು ಗ್ಯಾಸ್, ವಾಂತಿಗೆ ಒಂದು, ಕೊನೆಗೆ ಸಡಿಲಿಸಿದ್ದನ್ನು ವಾಪಸ್ ತರಲು ಒಂದು. ಒಬ್ಬೊಬ್ಬರಿಗೂ ಜೋಡಣೆ ಬೇರೆ.

ಈಗ ನಿದ್ದೆಗೆ ಹೆಚ್ಚು ಬಳಸುವುದು ಪ್ರೊಪೊಫಾಲ್. ಹಾಲಿನ ಹಾಗೆ ಬೆಳ್ಳಗಿರುತ್ತದೆ. ಸೋಯಾ ಎಣ್ಣೆಯಲ್ಲಿ ಕದಡಿದ ಔಷಧ ಅದು. ಬ್ರಿಟನ್‌ನಲ್ಲಿ 1986ರಿಂದ ಬಳಕೆಗೆ ಬಂತು. ಹೋಗುವಾಗ ಕೈ ಉರಿಯುತ್ತದೆ, ಅರ್ಧ ನಿಮಿಷದಲ್ಲಿ ನಿದ್ದೆ. ಎದ್ದಾಗ ತಲೆ ತಿಳಿಯಾಗಿರುತ್ತದೆ, ವಾಂತಿ ಕಮ್ಮಿ. ಅದೇ ದಿನ ಮನೆಗೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಬಿಪಿ ಇಳಿಸುತ್ತದೆ. ರಕ್ತ ಹೋಗಿ ಸೊರಗಿದವರಿಗೆ, ಹೃದಯ ಸೋತವರಿಗೆ ಪೂರ್ತಿ ಪ್ರಮಾಣ ಕೊಟ್ಟರೆ ಅಪಾಯ.

ಅಂಥವರಿಗೆ ಕೆಟಮಿನ್ ನೆನಪಾಗುತ್ತದೆ. ಇದು ಸಾಮಾನ್ಯವಾಗಿ ಬಿಪಿ ಬೀಳಲು ಬಿಡುವುದಿಲ್ಲ. ಹೆಚ್ಚಿನಂಶ ಉಸಿರು ನಿಲ್ಲಿಸುವುದಿಲ್ಲ. ನಿದ್ದೆಯ ಜೊತೆಗೆ ನೋವನ್ನೂ ತಡೆಯುತ್ತದೆ, ಉಬ್ಬಸ ಇದ್ದವರಿಗೂ ಒಳ್ಳೆಯದು. ಬೆಲೆಯೂ ಕಮ್ಮಿ. ದೊಡ್ಡ ಯಂತ್ರಗಳಿಲ್ಲದ ಸಣ್ಣ ಆಸ್ಪತ್ರೆಗಳಲ್ಲಿ ಇದು ಎಷ್ಟು ಜೀವ ಉಳಿಸಿದೆ ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. "ಹಳೇ ಔಷಧ" ಅಂತ ಕೆಲವರು ಮೂಗು ಮುರಿಯುವಾಗ ಬೇಜಾರಾಗುತ್ತದೆ. ಕೊರತೆ ಏನೆಂದರೆ, ಏಳುವಾಗ ಕೆಟ್ಟ ಕನಸು, ಗಾಬರಿ, ಇಲ್ಲದ್ದೆಲ್ಲ ಕಾಣುವುದು. ಜೊತೆಗೆ ಮಿಡಾಜೊಲಾಮ್ ಕೊಟ್ಟರೆ ಅದು ಕಮ್ಮಿ. ಬಿಪಿ ಏರಿರುವವರಿಗೆ, ಹೃದಯದ ರಕ್ತನಾಳ ಕಟ್ಟಿದವರಿಗೆ ಬೇಡ.

ಥಯೋಪೆಂಟಾಲ್ 1934ರಿಂದ ಇದೆ. ಹಳದಿ ಪುಡಿ, ನೀರಿನಲ್ಲಿ ಕಲಸಿ ಕೊಡುತ್ತೇವೆ, ಬೆಲೆ ಕಮ್ಮಿ. ಬಾಯಿಗೆ ಬೆಳ್ಳುಳ್ಳಿ ರುಚಿ ಬಂದು ನಿದ್ದೆ ಹತ್ತುತ್ತದೆ. ಎದ್ದ ಮೇಲೂ ತೂಕಡಿಕೆ ಬಿಡುವುದಿಲ್ಲ, ಉಬ್ಬಸದವರಿಗೆ ಹೊಂದುವುದಿಲ್ಲ. ಇಟೊಮಿಡೇಟ್ ಹೃದಯ ತೀರಾ ಸೋತವರಿಗೆ ಇಟ್ಟುಕೊಂಡ ಔಷಧ.

ಗ್ಯಾಸ್‌ಗಳ ವಿಷಯಕ್ಕೆ ಬಂದರೆ, ದೊಡ್ಡವರಿಗೆ ಐಸೋಫ್ಲುರೇನ್ ಸಾಕು. ಕಮ್ಮಿ ಖರ್ಚಿನಲ್ಲಿ ಒಳ್ಳೆಯ ಕೆಲಸ ಮಾಡುತ್ತದೆ. ವಾಸನೆ ಮಾತ್ರ ಘಾಟು. ಮಕ್ಕಳಿಗೆ ಸೆವೋಫ್ಲುರೇನ್ ಬೇಕು. ಘಾಟಿಲ್ಲದ್ದರಿಂದ ಮಗು ಮಾಸ್ಕ್‌ನಲ್ಲಿ ಉಸಿರಾಡುತ್ತಲೇ ಮಲಗುತ್ತದೆ, ಸೂಜಿಗೆ ಆಮೇಲೆ ಹೋಗಬಹುದು. ಏಳುವಾಗ ಕೆಲವು ಮಕ್ಕಳು ಅರ್ಧ ಗಂಟೆ ಸಿಕ್ಕಾಪಟ್ಟೆ ರಂಪ ಮಾಡುತ್ತವೆ. ಅಮ್ಮ ಪಕ್ಕದಲ್ಲಿದ್ದರೆ ತಾನಾಗೇ ಇಳಿಯುತ್ತದೆ.

ಖಂಡಗಳನ್ನು ಸಡಿಲಿಸುವ ಔಷಧಗಳ ಬಗ್ಗೆ ರೋಗಿಗಳು ಕೇಳುವುದೇ ಇಲ್ಲ. ನನಗೆ ಮಾತ್ರ ಅಲ್ಲೇ ನಿಮ್ಮಿಂದ ಹೆಚ್ಚು ಮಾಹಿತಿ ಬೇಕು. ಸಕ್ಸಿನೈಲ್‌ಕೋಲಿನ್ ಒಂದು ನಿಮಿಷದೊಳಗೆ ಕೆಲಸ ಮಾಡುತ್ತದೆ, ಐದು ಹತ್ತು ನಿಮಿಷದಲ್ಲಿ ತಾನಾಗೇ ಇಳಿಯುತ್ತದೆ. ಹೊಟ್ಟೆ ತುಂಬಿರುವ ತುರ್ತು ಕೇಸಿನಲ್ಲಿ ಅಗ್ಗದ, ನಂಬಿಕೆಯ ಔಷಧ. ಅದನ್ನು ಕರಗಿಸುವ ಒಂದು ಕಿಣ್ವ ರಕ್ತದಲ್ಲಿ ಇರಬೇಕು. ಕೆಲವು ಮನೆತನಗಳಲ್ಲಿ ಆ ಕಿಣ್ವ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಆರ್ಯವೈಶ್ಯ ಸಮುದಾಯದಲ್ಲಿ ಇದು ಉಳಿದವರಿಗಿಂತ ಜಾಸ್ತಿ ಅನ್ನುವುದು ವೈದ್ಯರಿಗೆ ಗೊತ್ತಿರುವ ವಿಷಯ. ಅಂಥವರಿಗೆ ಕೊಟ್ಟರೆ ಗಂಟೆಗಟ್ಟಲೆ ಉಸಿರು ಬರುವುದಿಲ್ಲ, ಅಷ್ಟು ಹೊತ್ತೂ ಯಂತ್ರದಲ್ಲಿ ಉಸಿರು ಕೊಡಬೇಕು. ತೋಟಕ್ಕೆ ಕೀಟನಾಶಕ ಹೊಡೆಯುವವರಲ್ಲೂ ಇದೇ ಕಿಣ್ವ ಕುಗ್ಗಬಹುದು. ಕೋಲಾರದ ಟೊಮೆಟೊ, ಶ್ರೀನಿವಾಸಪುರದ ಮಾವು ಬೆಳೆಯುವವರೇ, ಈಚೆಗೆ ಔಷಧಿ ಹೊಡೆದಿದ್ದರೆ ಹೇಳಿಬಿಡಿ. "ನಮ್ಮ ಅಣ್ಣನಿಗೆ ಆಪರೇಷನ್ ಆದ ಮೇಲೆ ಎಚ್ಚರ ಆಗಲು ತುಂಬಾ ಹೊತ್ತಾಯಿತು", "ಚಿಕ್ಕಪ್ಪನಿಗೆ ಅನಸ್ತೇಷಿಯಾದಲ್ಲಿ ಮೈ ಕೆಂಡದ ಹಾಗೆ ಸುಟ್ಟಿತು". ಇಂಥ ಒಂದು ಮಾತು ಸಿಕ್ಕಿದರೆ ನಾವು ಇಡೀ ಜೋಡಣೆಯನ್ನೇ ಬದಲಿಸುತ್ತೇವೆ.

ಬದಲಿಗೆ ರೊಕ್ಯುರೋನಿಯಮ್ ಕೊಡಬಹುದು. ಪ್ರಮಾಣ ಹೆಚ್ಚಿಸಿದರೆ ಅದೂ ಒಂದು ನಿಮಿಷದಲ್ಲಿ ಹಿಡಿಯುತ್ತದೆ, ಆದರೆ ಒಂದು ಗಂಟೆಗೂ ಮೀರಿ ಉಳಿಯುತ್ತದೆ. ಅದನ್ನು ಚಕ್ಕನೆ ತೆಗೆಯುವ ಸುಗಮಡೆಕ್ಸ್ ಇದೆ, ದುಬಾರಿ. ಸಾಮಾನ್ಯ ಕೇಸಿಗೆ ನಿಯೋಸ್ಟಿಗ್ಮಿನ್, ಗ್ಲೈಕೊಪೈರೊಲೇಟ್ ಜೋಡಿಯೇ ಸಾಕು. ಕಿಡ್ನಿ ಕೆಟ್ಟವರಿಗೆ ಅಟ್ರಾಕ್ಯುರಿಯಮ್ ಒಳ್ಳೆಯದು, ಅದು ರಕ್ತದಲ್ಲಿ ತಾನಾಗೇ ಒಡೆದುಹೋಗುತ್ತದೆ.

ದುಡ್ಡು ಎಲ್ಲಿ ಹಾಕಬೇಕು

ಇಡೀ ಆಪರೇಷನ್ ಬಿಲ್ಲಿನಲ್ಲಿ ಈ ಔಷಧಗಳ ಪಾಲು ಸಣ್ಣದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಹೋದರೆ ಅರಿವಳಿಕೆಯ ಖರ್ಚು ಪ್ಯಾಕೇಜಿನಲ್ಲೇ ಸೇರಿರುತ್ತದೆ. ಕೈಯಿಂದ ಕೊಡುವವರಿಗೆ ನನ್ನ ಮಾತು: ದುಬಾರಿ ಗ್ಯಾಸ್ ಇದೆಯಾ ಅಂತ ಕೇಳುವ ಬದಲು ಎರಡು ವಿಷಯ ಕೇಳಿ. ಅರಿವಳಿಕೆ ಡಾಕ್ಟರ್ ಮೊದಲಿಂದ ಕೊನೆವರೆಗೂ ತಲೆ ಹತ್ತಿರ ಇರುತ್ತಾರಾ? ಬೆರಳಿನ ಆಮ್ಲಜನಕದ ಕ್ಲಿಪ್ ಜೊತೆಗೆ, ಬಿಡುವ ಉಸಿರನ್ನು ಅಳೆಯುವ ಕ್ಯಾಪ್ನೋಗ್ರಾಫ್ ಇದೆಯಾ? ಹಳೇ ಔಷಧವನ್ನು ಕಣ್ಣಿಟ್ಟು ಕೊಟ್ಟರೆ ಸುರಕ್ಷಿತ. ಹೊಸ ಔಷಧ ಕೊಟ್ಟು ಆಚೆ ಹೋದರೆ ಅಲ್ಲ.

ಮೂವರಿಗೂ ನಾನು ಹೇಳಿದ್ದು

ತಿಪಟೂರಿನ ಅಪ್ಪನಿಗೆ ಲ್ಯಾಪ್ರೋಸ್ಕೋಪಿ ಬೇಡ, ತೆರೆದೇ ಮಾಡಿಸಿ ಅಂದೆ. ಅಂಥ ಎದೆ ಇರುವವರ ಗಂಟಲಿಗೆ ಟ್ಯೂಬ್ ಹಾಕದಿದ್ದರೇ ಒಳ್ಳೆಯದು. ಸರ್ಜನ್‌ಗೆ ಅಭ್ಯಾಸ ಇದ್ದರೆ ಆ ಜಾಗಕ್ಕಷ್ಟೇ ಇಂಜೆಕ್ಷನ್, ಇಲ್ಲದಿದ್ದರೆ ಸ್ಪೈನಲ್. ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತಾರೆ ಅಂತ ಕೇಳಿದೆ. ನಾಲ್ಕು ಸಲ ಅಂದರು. ಹಾಗಿದ್ದರೆ ಸ್ಪೈನಲ್‌ನಲ್ಲಿ ಮೂತ್ರ ಕಟ್ಟಬಹುದು, ಮೊದಲ ದಾರಿಗೇ ಪ್ರಯತ್ನಿಸಿ ಅಂದೆ. ಬೀಡಿಯನ್ನು ಅವತ್ತೇ ನಿಲ್ಲಿಸಬೇಕು.

ಚಿಂತಾಮಣಿಯ ತಂಗಿಗೆ ಸ್ಪೈನಲ್, ಸಣ್ಣ ಸೂಜಿ. ರಕ್ತಸ್ರಾವ ಆಗಿ ತುರ್ತಾದರೆ, ಪ್ಲೇಟ್‌ಲೆಟ್ ತುಂಬಾ ಇಳಿದಿದ್ದರೆ ಮಾತ್ರ ಫುಲ್ ಅನಸ್ತೇಷಿಯಾ. ಅವರದು ಆರ್ಯವೈಶ್ಯ ಮನೆತನ. ಅದನ್ನು ಕೇಸ್ ಶೀಟಿನಲ್ಲಿ ಮೊದಲೇ ಬರೆಸಿಬಿಡಮ್ಮ ಅಂದೆ.

ಪಾವಗಡದ ಅಜ್ಜಿಯದು ನಿಜವಾಗಲೂ ಎರಡು ಮನಸ್ಸಾಗುವ ಕೇಸು. ಬೆನ್ನು ಕಲ್ಲಿನ ಹಾಗೆ. ಸೊಂಟದ ಮೂಳೆ ಮುರಿದ 1,600 ಜನರ ಮೇಲೆ ಅಮೆರಿಕ, ಕೆನಡಾದಲ್ಲಿ ಸ್ಪೈನಲ್ ಮತ್ತು ಫುಲ್ ಅನಸ್ತೇಷಿಯಾ ಹೋಲಿಸಿ ನೋಡಿದ ಅಧ್ಯಯನ 2021ರಲ್ಲಿ ಬಂತು. ಎರಡು ತಿಂಗಳ ಮೇಲೆ ಬದುಕಿ ನಡೆದಾಡುವ ವಿಷಯದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಬೆನ್ನಿಗೆ ಹತ್ತು ಸಲ ಚುಚ್ಚಿ ನೋಯಿಸುವ ಹಠ ಬೇಡ. ಒಂದೆರಡು ಸಲ ನೋಡಲಿ, ಸಿಗದಿದ್ದರೆ ಕಮ್ಮಿ ಪ್ರಮಾಣದಲ್ಲಿ, ನಿಧಾನವಾಗಿ ಫುಲ್ ಅನಸ್ತೇಷಿಯಾ ಕೊಡಲಿ. ಕತ್ತಿನ ವಿಷಯ ಮೊದಲೇ ತಿಳಿಸಿ. ಮೊದಲು ತೊಡೆಯ ನರಕ್ಕೊಂದು ಬ್ಲಾಕ್ ಕೊಡಿಸಿ, ಮಗ್ಗುಲು ತಿರುಗಿಸುವಾಗ ಅಜ್ಜಿ ಕಿರುಚಬೇಕಾಗಿಲ್ಲ.

ಅಜ್ಜಿಯ ಮೊಮ್ಮಗ ಕೊನೆಗೆ ಕೇಳಿದ್ದು ಕಾಫಿಯ ವಿಷಯ. ಬೆಳಗಿನ ಕಾಫಿ ಇಲ್ಲದೆ ಅವರಿಗೆ ಆಗುವುದಿಲ್ಲವಂತೆ. ಆಪರೇಷನ್‌ಗೆ ಎಷ್ಟು ಗಂಟೆ ಮುಂಚೆ ನಿಲ್ಲಿಸಬೇಕು ಅನ್ನುವ ಲೆಕ್ಕ ಹೀಗಿದೆ: ಹಗುರ ತಿಂಡಿಗೂ ಹಾಲಿಗೂ 6 ಗಂಟೆ, ಎಣ್ಣೆ ಮಾಂಸದ ಊಟಕ್ಕೆ 8 ಗಂಟೆ, ಎದೆಹಾಲಿಗೆ 4 ಗಂಟೆ, ಬರೀ ನೀರಿಗೆ 2 ಗಂಟೆ. ಹಾಲು ಹಾಕಿದ ಕಾಫಿಯೂ ಹಾಲಿನ ಲೆಕ್ಕಕ್ಕೇ ಬರುತ್ತದೆ. ಸ್ಪೈನಲ್ ಆದರೂ ಇದೇ ಲೆಕ್ಕ, ಯಾಕೆಂದರೆ ಅದು ಫುಲ್ ಅನಸ್ತೇಷಿಯಾಗೆ ತಿರುಗಬಹುದು. ಶುಗರ್ ಇದ್ದವರು, ಮೂಳೆ ಮುರಿದು ನೋವಿನಲ್ಲಿರುವವರು ತಮ್ಮ ಡಾಕ್ಟರ್‌ನ ಬೇರೆಯಾಗಿ ಕೇಳಬೇಕು, ಅವರಿಗೆ ಹೊಟ್ಟೆ ಖಾಲಿಯಾಗುವುದು ನಿಧಾನ. ಮರೆತು ಏನಾದರೂ ಕುಡಿದಿದ್ದರೆ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಆಪರೇಷನ್ ಕೆಲವು ಗಂಟೆ ಮುಂದೆ ಹೋಗಬಹುದು, ಅಷ್ಟೇ. ಅಲ್ಲಿನ ಡಾಕ್ಟರ್ ಒಪ್ಪಿದರೆ ಅಜ್ಜಿಗೆ ಬೆಳಿಗ್ಗೆ 6ಕ್ಕೆ ಒಂದು ಲೋಟ ನೀರು ಕೊಡಿ, ಕಾಫಿ ಸಂಜೆಗೆ ಇಟ್ಟಿರಿ ಅಂದೆ.